ಪ್ರತಿಫಲದ ಕ್ರಮ ಮತ್ತು ಪ್ರಾಣಿಗಳ ಕಲಿಕೆ

ಸೂರತ್ ನಗರದ ಅಡಾಜಣ್ ತಾಪಿ ನದಿಯ ದಂಡೆಯ ಬಡಾವಣೆ. ಚಳಿಗಾಲದಲ್ಲಿ ಈ ನದಿಗೆ ವಲಸೆ ಬರುವ ಕಡಲಕ್ಕಿಗಳಿಗೆ ಜನರು ಗಾಠಿಯಾ ಮುಂತಾದ ಕುರುಕಲು ತಿಂಡಿ ಎಸೆಯುವುದುಂಟು. ಕರ್ನಾಟಕದ ಬಂಡೀಪುರದಲ್ಲಿ ರಸ್ತೆಬದಿಯ ಕೋತಿಗಳಿಗೂ ಪ್ರಯಾಣಿಕರು ಹೀಗೆಯೇ ತಿನಿಸು ಕೊಡುತ್ತಾರೆ. ಎಲ್ಲರೂ ಕೊಡುವುದಿಲ್ಲ, ಕೊಡುವವರೂ ಪ್ರತಿ ಸಲ ಕೊಡುವುದಿಲ್ಲ. ಆದರೂ ಇಂತಹ ಪ್ರಾಣಿಗಳು ಆಸೆ ಬಿಡುವುದಿಲ್ಲ. ಇದಕ್ಕೆ ಕಾರಣವೇನು?

ಒಂದು ವರ್ತನೆಯ ಬೆನ್ನಿಗೇ ಆಹಾರದಂತಹ ಪ್ರತಿಫಲ ದೊರೆತರೆ ಆ ವರ್ತನೆ ಬಲಗೊಳ್ಳುತ್ತದೆ. ಮನೋವಿಜ್ಞಾನದಲ್ಲಿ ಇದನ್ನು ಪುನರ್ಬಲನ ಎನ್ನುತ್ತಾರೆ. ಪ್ರತಿಫಲ ನಿಂತ ಮೇಲೆ ವರ್ತನೆ ಕ್ರಮೇಣ ಅಳಿಯುವುದೇ ವಿಲೋಪನ. ಅಮೆರಿಕದ ವಿಜ್ಞಾನಿ ಬಿ.ಎಫ್. ಸ್ಕಿನ್ನರ್ (1904–1990) ಅವರು, ಸನ್ನೆಗೋಲನ್ನು ಒತ್ತಿದರೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆಯಲ್ಲಿ ಇಲಿಗಳನ್ನಿರಿಸಿ ಪ್ರಯೋಗ ನಡೆಸಿದರು. ಗುಳಿಗೆಗಳನ್ನು ಅವರೇ ತಯಾರಿಸಬೇಕಾಗಿತ್ತು. ಒಂದು ಶನಿವಾರ, ಇದ್ದ ಗುಳಿಗೆಗಳು ಸೋಮವಾರದವರೆಗೆ ಸಾಲವೆಂದು ಕಂಡಾಗ, ನಿಮಿಷಕ್ಕೊಂದರಂತೆ ಮಾತ್ರ ದೊರೆಯುವಂತೆ ಮಾಡಿದರು. ಇಲಿಗಳು ಸನ್ನೆಗೋಲನ್ನು ಒತ್ತುತ್ತಲೇ ಇದ್ದವು. ಈ ಪ್ರಸಂಗವನ್ನು ಅವರು 1956ರ ಲೇಖನವೊಂದರಲ್ಲಿ ತಿಳಿಸಿದ್ದಾರೆ. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಅವರೊಡನೆ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಫಲದ ನಾನಾ ಕ್ರಮಗಳನ್ನು ವಿವರಿಸಿದರು.

ಪ್ರತಿ ಸಲವೂ ಫಲ ಪಡೆದ ಪ್ರಾಣಿ, ಫಲ ನಿಂತಾಗ ಆ ವ್ಯತ್ಯಾಸವನ್ನು ಬೇಗನೆ ಗುರುತಿಸುತ್ತದೆ. ಯತ್ನವನ್ನೂ ಬೇಗ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಪಡೆದ ಪ್ರಾಣಿಗೆ ವೈಫಲ್ಯ ಹೊಸದಲ್ಲ. ಹಲವು ಯತ್ನಗಳು ವ್ಯರ್ಥವಾದ ಮೇಲೂ ಆಹಾರ ಸಿಕ್ಕ ಅನುಭವ ಅದಕ್ಕಿರುತ್ತದೆ. ಆದುದರಿಂದ ಫಲ ಸಂಪೂರ್ಣವಾಗಿ ನಿಂತರೂ ಅದು ಬಹುಕಾಲ ಯತ್ನಿಸುತ್ತದೆ. ಇದು ಆಂಶಿಕ ಪುನರ್ಬಲನದ ಪರಿಣಾಮ.

ಬಂಡೀಪುರದ ಕೋತಿಗಳನ್ನು ಕುರಿತು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಹೋದ್ಯೋಗಿಗಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮನುಷ್ಯರಿಂದ ಆಹಾರ ಪಡೆಯಲು ಕೆಲವು ಕೋತಿಗಳು ವಿಶಿಷ್ಟವಾದ ದನಿ ಹೊರಡಿಸುತ್ತವೆ, ಕೈ ಚಾಚುತ್ತವೆ ಎಂದು ಅದು ತಿಳಿಸಿತು. ಹತ್ತು ವಾಹನಗಳಲ್ಲಿ ಒಂದು ನಿಂತು ಬಾಳೆಹಣ್ಣು ಕೊಟ್ಟರೂ ಇಂತಹ ಕಲಿಕೆ ಉಳಿಯಬಲ್ಲದು. ಅದರ ಬೆಲೆ ತೆರುವುದು ಕೋತಿಯೇ. ರಸ್ತೆಯಂಚಿನಲ್ಲಿ ಕಾಯುವ ಪ್ರಾಣಿ ವಾಹನಕ್ಕೆ ಸಿಲುಕುತ್ತದೆ. ಆಹಾರಕ್ಕಾಗಿ ಮೇಲೆರಗಿದರೆ ಮನುಷ್ಯರಿಗೂ ಗಾಯವಾಗುತ್ತದೆ.

ಆದುದರಿಂದ ತಿನಿಸು ಕೊಡುವುದನ್ನು ಕಡಿಮೆ ಮಾಡಿದರೆ ಸಾಲದು. ಎಲ್ಲರೂ ಪೂರ್ಣವಾಗಿ ನಿಲ್ಲಿಸಬೇಕು. ನಿಲ್ಲಿಸಿದ ಆರಂಭದಲ್ಲಿ ಪ್ರಾಣಿಯ ಕಾಟ ಕೆಲಕಾಲ ಹೆಚ್ಚುವುದುಂಟು. ಆಗ ಮರುಗಿಯೋ ಹೆದರಿಯೋ ಒಂದು ತುಣುಕು ಎಸೆದರೆ, ಇನ್ನಷ್ಟು ಕಾಡಿದರೆ ಸಿಗುತ್ತದೆ ಎಂಬ ಪಾಠವನ್ನೇ ಕಲಿಸಿದಂತಾಗುತ್ತದೆ. ತಿಂಡಿಯ ಪೊಟ್ಟಣವನ್ನು ಕಾಣದಂತೆ ಇರಿಸಿ, ವಾಹನ ನಿಲ್ಲಿಸದೆ ಮುಂದೆ ಸಾಗುವುದೇ ಪ್ರಯಾಣಿಕರು ಕಾಡಿನ ಪ್ರಾಣಿಗೆ ಮಾಡಬಹುದಾದ ಉಪಕಾರ.