ಇವತ್ತು ಫೋಟೊ ಇಲ್ಲ, ಬರಹ ಮಾತ್ರ



ದಿನಾ ಬೆಳಿಗ್ಗೆ ಬುದ್ಧರ ಚಿತ್ರದ ಮೇಲೆ ಬಣ್ಣದ ಅಕ್ಷರಗಳಲ್ಲಿ ಚಿಂತನೆ ಬರುತ್ತಿತ್ತಲ್ಲ, ಇವತ್ತೇಕೆ ಬರೀ ಬರಹ ಎಂದು ಕೇಳಬಹುದು. ನಮ್ಮ ಗುಂಪಿನಲ್ಲಿ ಕಣ್ಣು ಕಾಣದ ಒಬ್ಬ ತಮ್ಮ ಇದ್ದಾನೆ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಸಂದೇಶಗಳನ್ನು ಕನ್ನಡದಲ್ಲೇ ಓದಿಸಿ ಕೇಳುತ್ತಾನೆ. ನಮ್ಮ ಚಿಂತನೆ ಬಂದಾಗ ಮಾತ್ರ ಅವನಿಗೆ ಕೇಳುತ್ತಿದ್ದುದು ‘ಫೋಟೊ’ ಎಂಬ ಒಂದೇ ಪದ. ಒಂದು ವರ್ಷ ಹೀಗೇ ಕಳೆದಿದೆ. ನಾನು ರಾತ್ರಿ ಕೂತು ಡಿಸೈನ್ ಮಾಡಿ ಕಳಿಸಿದ್ದೆಲ್ಲ ಅವನ ಪಾಲಿಗೆ ಖಾಲಿ ಹಾಳೆ. ಆದರೂ ದಿನಾ ಕೈಮುಗಿದ ಗುರುತು ಹಾಕುತ್ತಿದ್ದ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹೋದ ತಿಂಗಳು ಭಾನುವಾರದ ವಂದನೆ ಮುಗಿದ ಮೇಲೆ ನಾನು ಚಕ್ಖುಪಾಲ ಥೇರರ ಕಥೆ ಹೇಳಿದೆ. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯಲ್ಲಿ ಬರುವ ಕಥೆ ಅದು. ಮಳೆ ಬಂದ ರಾತ್ರಿ ಕಣ್ಣಿಲ್ಲದ ಥೇರರು ಅತ್ತಿಂದಿತ್ತ ನಡೆಯುವಾಗ ಕಾಲಡಿ ಸಿಕ್ಕಿ ಹುಳುಗಳು ಸತ್ತವು. ಬೇರೆ ಭಿಕ್ಖುಗಳು ದೂರು ತಂದರು. ಅವರಿಗೆ ಹುಳುಗಳು ಕಾಣಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ, ದೋಷವಿಲ್ಲ ಎಂದರು ಬುದ್ಧರು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಮುಂದಿನ ಭಾಗವನ್ನೂ ಹೇಳಿಬಿಟ್ಟೆ: ಥೇರರು ಹಿಂದಿನ ಜನ್ಮದಲ್ಲಿ ವೈದ್ಯರಾಗಿದ್ದರಂತೆ, ಸೇಡಿಗೆ ಒಬ್ಬ ಹೆಂಗಸಿನ ಕಣ್ಣು ಹೋಗುವ ಔಷಧ ಕೊಟ್ಟಿದ್ದರಂತೆ, ಅದರ ಫಲವೇ ಈ ಕುರುಡು.

ಎಲ್ಲರೂ ಎದ್ದ ಮೇಲೆ ಆ ತಮ್ಮ ನನ್ನ ಕೈ ಹಿಡಿದು ಕೇಳಿದ: “ಅಣ್ಣಾ, ಹಂಗಾದ್ರೆ ನಾನು ಯಾರ ಕಣ್ಣು ಕಿತ್ತಿದ್ದೆ?”

ನನಗೆ ಉತ್ತರ ಬರಲಿಲ್ಲ. ಮನೆಗೆ ಬಂದು ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ತೆಗೆದೆ. ಹಿಂದಿನ ಜನ್ಮದ ಕರ್ಮ ಈ ಜನ್ಮವನ್ನು ಗೊತ್ತುಮಾಡುತ್ತದೆ ಎಂಬ ವಾದವನ್ನು ಅವರು ಅಲ್ಲಿ ಒಪ್ಪುವುದಿಲ್ಲ. ಬಡವರ, ಕೆಳಗಿಟ್ಟವರ ಸ್ಥಿತಿಗೆ ಸಮಾಜ ಮತ್ತು ಸರ್ಕಾರ ಹೊಣೆಯಿಂದ ನುಣುಚಿಕೊಳ್ಳಲು ಮಾಡಿದ ವಾದ ಅದು ಎನ್ನುತ್ತಾರೆ. ‘ಈ ಜಾತಿಯಲ್ಲಿ ಹುಟ್ಟಿದ್ದು ನಿಮ್ಮ ಕರ್ಮ’ ಎಂದು ನಮ್ಮ ಅಜ್ಜಂದಿರಿಗೆ ಹೇಳಿದ ಮಾತನ್ನೇ ನಾನು ಆ ಹುಡುಗನಿಗೆ ಹೇಳಿದ್ದೆ, ಅದೂ ವಿಹಾರದಲ್ಲಿ ಕೂತು.

ಕರ್ಮ ಎಂದುಬಿಟ್ಟರೆ ನಮಗೆ ಕೆಲಸ ಉಳಿಯುವುದಿಲ್ಲ. ಕರ್ಮವಲ್ಲ ಎಂದ ಕೂಡಲೇ ಮೆಟ್ಟಿಲು ಕಣ್ಣಿಗೆ ಬೀಳುತ್ತದೆ. ನಮ್ಮ ವಿಹಾರಕ್ಕೆ ಮೂರು ಮೆಟ್ಟಿಲು. ಕಟ್ಟುವಾಗ ಹೊಳೆಯುವ ಗ್ರಾನೈಟಿಗೆ ಚಂದಾ ಎತ್ತಿದವರಲ್ಲಿ ನಾನೂ ಒಬ್ಬ. ಇಳಿಜಾರು ಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮಂಡಿ ನೋವಿನ ಅಜ್ಜಿಯರು ಹೊರಗೇ ಚಪ್ಪಲಿಗಳ ಪಕ್ಕ ಕೂತು ತ್ರಿಶರಣ ಹೇಳುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರೂ ಕೋಲು ಹಿಡಿದು, ಇನ್ನೊಬ್ಬರ ಆಸರೆಯಲ್ಲೇ ದೀಕ್ಷೆಯ ವೇದಿಕೆಗೆ ಬಂದಿದ್ದರು. ನಮ್ಮ ಬಾಗಿಲಿಗೆ ಬಂದಿದ್ದರೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸಾರ್ವಜನಿಕರು ಬಂದುಹೋಗುವ ಕಟ್ಟಡಗಳಿಗೆ ಎಲ್ಲರೂ ಹೋಗುವಂತಿರಬೇಕು ಎನ್ನುತ್ತದೆ. ಇಳಿಜಾರಿನ ಲೆಕ್ಕ ಕಷ್ಟದ್ದಲ್ಲ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಮೆಟ್ಟಿಲು ಒಟ್ಟು ಒಂದೂವರೆ ಅಡಿ, ಅಂದರೆ 18 ಅಡಿ ಬೇಕು. ಚಪ್ಪಲಿ ಸ್ಟ್ಯಾಂಡ್ ಸರಿಸಿದರೆ ಜಾಗ ಸಾಕು. ಮೇಲೆ ಗ್ರಾನೈಟ್ ಬೇಡ, ಒರಟು ಸಿಮೆಂಟ್ ಇರಲಿ, ಪಕ್ಕದಲ್ಲಿ ಹಿಡಿಕೆಯ ಕಂಬಿ ಇರಲಿ. ಭಾನುವಾರ ವಂದನೆಗೆ ಅರ್ಧ ಗಂಟೆ ಮೊದಲೇ ಟೇಪು ತರುತ್ತೇನೆ. ಗಾರೆ ಕೆಲಸ ಬಲ್ಲ ಅಣ್ಣಂದಿರು ದಯವಿಟ್ಟು ಬನ್ನಿ. ಗುಂಪಿಗೆ ಫೋಟೊ ಹಾಕುವವರು ಅದರಲ್ಲೇನಿದೆ ಎಂದು ಕೆಳಗೆ ಒಂದು ಸಾಲು ಟೈಪ್ ಮಾಡಿ.

ಈ ಬರಹವನ್ನು ಮೊದಲು ಆ ತಮ್ಮನಿಗೇ ಕಳಿಸಿ, ಹಾಕಲೇ ಎಂದು ಕೇಳಿದ್ದೆ. ಹಾಕಿ ಅಣ್ಣಾ ಎಂದ. ಎರಡು ಕಡೆ ‘ಪಾಪ’ ಎಂದು ಬರೆದಿದ್ದೆ, ಅವನ್ನು ತೆಗೆಸಿದ.

ಜೈ ಭೀಮ್.