ನೀರಿನ ಕೆಲಸಕ್ಕೆ ಹೊರಟ ಮಕ್ಕಳಿಗೆ

ಮಕ್ಕಳೇ, ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಾವಗಡ ಸೀಮೆಯ ಹಳ್ಳಿಯೊಂದನ್ನು ಆರಿಸಿಕೊಂಡಿರೆಂದು ಕೇಳಿ ಸಂತೋಷವಾಯಿತು. ಹೊರಡುವ ಮುನ್ನ ಈ ಹಿರಿಯನ ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಿ.

ಅಲ್ಲಿಯ ಕೊಳವೆಬಾವಿ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ನೆಲದಾಳದ ಕಲ್ಲಿನಿಂದ ಕರಗಿ ಬರುವ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಮೂಡುತ್ತದೆ, ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡದೆ ಪರಿಹಾರ ಹೇಳಬೇಡಿ. ಪ್ರತಿ ಕೊಳವೆಬಾವಿಯ ನೀರನ್ನೂ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೂ ಓದುವಂತೆ ಪಂಚಾಯಿತಿ ಗೋಡೆಯ ಮೇಲೆ ಬರೆಸಿ.

ಹೊಸದನ್ನು ಕಟ್ಟುವ ಮೊದಲು ಇರುವುದನ್ನು ನೋಡಿ. ಎಷ್ಟೋ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಆಗಲೇ ಇದೆ. ಕೆಲವು ಓಡುತ್ತಿವೆ, ಕೆಲವಕ್ಕೆ ಬೀಗ ಬಿದ್ದಿದೆ. ಬೀಗ ಯಾಕೆ ಬಿತ್ತು? ಮೆಂಬ್ರೇನ್ ಕಟ್ಟಿಕೊಂಡಿತೇ, ಕರೆಂಟ್ ಬಿಲ್ ಉಳಿಯಿತೇ, ರಿಪೇರಿಗೆ ಯಾರೂ ಬರಲಿಲ್ಲವೇ? ನೀರಗಂಟಿಯ ಜೊತೆ ಒಂದು ದಿನ ಪೂರ್ತಿ ಓಡಾಡಿ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಕೇರಿಗೆ ನೀರು ಏರುತ್ತದೆ, ಯಾವ ಕೇರಿಗೆ ಎಂದೂ ಸಾಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಘಟಕ ಶುದ್ಧ ನೀರು ತೆಗೆದು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ. ಅದು ಎಲ್ಲಿ ಹರಿದು ಇಂಗುತ್ತಿದೆ ಎಂಬುದನ್ನೂ ಗಮನಿಸಿ.

ಮಳೆಯ ಲೆಕ್ಕವನ್ನೂ ಹಾಕಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಮನೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ: 25,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 20,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕೆಂದರೆ ವರ್ಷಕ್ಕೆ ಬೇಕಾದ್ದು ಸುಮಾರು 9,000 ಮಾತ್ರ. 6,000 ಲೀಟರಿನ ತೊಟ್ಟಿ ತುಂಬಿದರೆ ಎಂಟು ತಿಂಗಳು ನಡೆಯುತ್ತದೆ. ಈ ನೀರು ನೆಲ ಮುಟ್ಟದ್ದರಿಂದ ಅದರಲ್ಲಿ ಕಲ್ಲಿನ ಫ್ಲೋರೈಡ್ ಸೇರುವುದಿಲ್ಲ. ಆದರೆ ಸೂರಿನ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ತೊಟ್ಟಿಗೆ ಮುಚ್ಚಳ ಇರಬೇಕು, ಕುಡಿಯುವ ಮುನ್ನ ಕುದಿಸಬೇಕು. ಇದನ್ನೆಲ್ಲ ದಿನವೂ ಮಾಡುವವರು ಮನೆಯ ಹೆಂಗಸರು. ಆದ್ದರಿಂದ ಪೈಪು, ನಲ್ಲಿ ಎಲ್ಲಿರಬೇಕೆಂದು ಮೊದಲು ಅವರನ್ನೇ ಕೇಳಿ. ಸಭೆಯಲ್ಲಿ ಗಂಡಸರು ತಲೆಯಾಡಿಸಿದರೆಂದು ಕೆಲಸ ಶುರು ಮಾಡಬೇಡಿ.

ಕೊನೆಯದಾಗಿ, ನೀವು ಮಾಡುವ ಯಾವ ಸಲಕರಣೆಗೂ ಬಿಡಿಭಾಗ ಹತ್ತಿರದ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂತಿರಲಿ. ಊರಿನ ಇಬ್ಬರು ಹುಡುಗ ಹುಡುಗಿಯರಾದರೂ ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದನ್ನು ನಿಮ್ಮ ಕಣ್ಣೆದುರೇ ಕಲಿಯಲಿ. ತಿಂಗಳ ಖರ್ಚೆಷ್ಟು, ಕೊಡುವವರು ಯಾರು ಎಂಬುದು ಗ್ರಾಮ ಸಭೆಯಲ್ಲಿ ತೀರ್ಮಾನವಾಗಲಿ. ಉದ್ಘಾಟನೆಯ ಫೋಟೋ, ಪ್ರಾಜೆಕ್ಟಿನ ಅಂಕ ನಿಮಗೆ ಹೇಗೂ ಸಿಗುತ್ತವೆ. ಪದವಿ ಪಡೆದ ಮೇಲೂ ವರ್ಷಕ್ಕೊಮ್ಮೆ ಆ ಊರಿಗೆ ಹೋಗಿ, ನೀರನ್ನು ಪರೀಕ್ಷಿಸಿ ಬನ್ನಿ. ಇದೊಂದು ಮಾತು ನಡೆಸಿಕೊಡಿ.