ಕೊರಿಯನ್ನರಿಗೆ ಚೀನೀ ಟೋನ್ ಕಲಿಸುವುದು ಹೇಗೆ?

ಮೊದಲು ವಿದ್ಯಾರ್ಥಿಯ ಊರು ಯಾವುದೆಂದು ಕೇಳಿ. ಬುಸಾನ್, ದೇಗು ಕಡೆಯವರ ಆಡುಮಾತಿನಲ್ಲಿ ದನಿಯ ಎತ್ತರ ಬದಲಾದರೆ ಪದವೇ ಬದಲಾಗುವುದುಂಟು. ಕೊರಿಯನ್ನರು 2 ಎಂಬ ಅಂಕೆಗೂ ‘ಇ’ ಎನ್ನುತ್ತಾರೆ, ಇಂಗ್ಲಿಷಿನ ‘ಇ’ ಅಕ್ಷರಕ್ಕೂ ‘ಇ’ ಎನ್ನುತ್ತಾರೆ. ಬುಸಾನಿನವರು ಇವೆರಡನ್ನೂ ದನಿಯಲ್ಲೇ ಬೇರ್ಪಡಿಸಬಲ್ಲರು. ಸಿಯೋಲ್‌ನವರಿಗೆ ಎರಡೂ ಒಂದೇ. ಬುಸಾನಿನವರು ಸಿಕ್ಕರೆ ಅದನ್ನೇ ಹೇಳಿಸಿ ಪಾಠ ಶುರುಮಾಡಿ. ‘ನಮ್ಮ ಭಾಷೆಯಲ್ಲಿ ಇದೆಲ್ಲ ಇಲ್ಲ’ ಎಂದು ಹಿಂಜರಿಯುವವರಿಗೆ, ಕೊರಿಯನ್ ಲಿಪಿಯಾದ ಹಂಗುಲ್ ಕುರಿತ 1446ರ ಗ್ರಂಥದಲ್ಲಿ ಅಕ್ಷರದ ಎಡಕ್ಕೆ ಚುಕ್ಕಿಯಿಟ್ಟು ದನಿಯ ಎತ್ತರ ಗುರುತಿಸಿದ್ದನ್ನು ತೋರಿಸಿ.

ಸಿಯೋಲ್‌ನವರ ಕಷ್ಟವೇ ಬೇರೆ. ಅವರ ಮಾತಿನಲ್ಲಿ ದನಿಯ ಎತ್ತರ ವ್ಯಂಜನಕ್ಕೆ ಅಂಟಿಕೊಂಡಿದೆ. ಪದಗುಚ್ಛ ಮಹಾಪ್ರಾಣದಿಂದ ಆರಂಭವಾದರೆ ದನಿ ಮೇಲೆ, ಸಡಿಲ ವ್ಯಂಜನದಿಂದ ಆರಂಭವಾದರೆ ಕೆಳಗೆ. ಚೀನೀ ಮಾತನಾಡುವಾಗಲೂ ಈ ಅಭ್ಯಾಸ ನುಸುಳುತ್ತದೆ. ಇದನ್ನು ಬಿಡಿಸುವುದೇ ಶಿಕ್ಷಕರ ಮುಖ್ಯ ಕೆಲಸ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ‘ತು’, ‘ಥು’ ಜೋಡಿ ಚೆನ್ನಾಗಿ ಒದಗುತ್ತದೆ. ಬೀಳುವ ದನಿಯಲ್ಲಿ ಹೇಳಿದರೆ ಇವು ಹೊಟ್ಟೆ, ಮೊಲ; ಏರುವ ದನಿಯಲ್ಲಿ ಓದು, ಚಿತ್ರ. ವ್ಯಂಜನ ಬದಲಾದರೂ ದನಿಯ ದಾರಿ ಬದಲಾಗದಂತೆ ಈ ನಾಲ್ಕನ್ನೂ ನಿತ್ಯ ಹೇಳಿಸಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅವರಿಗೇ ಕೇಳಿಸಿ.

ಚೀನೀಯ ನಾಲ್ಕು ಟೋನ್‌ಗಳನ್ನು ಕಲಿಸುವಾಗ ಪಠ್ಯದ 1, 2, 3, 4 ಕ್ರಮಕ್ಕೆ ಜೋತುಬೀಳಬೇಡಿ. ಮೇಲೆ ಸಮವಾಗಿ ನಿಲ್ಲುವ ಮೊದಲನೆಯದು, ಮೇಲಿಂದ ಬೀಳುವ ನಾಲ್ಕನೆಯದು, ಆಮೇಲೆ ಮೂರನೆಯದು, ಕೊನೆಗೆ ಏರುವ ಎರಡನೆಯದು, ಹೀಗೆ ಕಲಿಸಿ.

ಮೂರನೆಯದರಲ್ಲೇ ಹೆಚ್ಚು ಹಾನಿ ಆಗುವುದು. ಭಾಷಾತಜ್ಞ ಚಾವ್ ಯುಯೆನ್‌ರೆನ್ ಅವರ ಐದು ಹಂತದ ಅಳತೆಯಲ್ಲಿ ಅದು 214: ಇಳಿದು ಮತ್ತೆ ಏರುವುದು. ಬಿಡಿಯಾಗಿ ಅಥವಾ ಮಾತಿನ ಕೊನೆಯಲ್ಲಿ ಮಾತ್ರ ಆ ಏರು ಪೂರ್ತಿ ಕೇಳಿಸುತ್ತದೆ. ಉಳಿದೆಡೆ ಬರೀ ತಗ್ಗು. ಏರನ್ನೇ ಕಲಿತವರು ಅದನ್ನು ಎರಡನೆಯದರೊಂದಿಗೆ ಬೆರೆಸುತ್ತಾರೆ. ಆದ್ದರಿಂದ ‘ತಗ್ಗು ದನಿ’ ಎಂದೇ ಕಲಿಸಿ. ಎರಡು ತಗ್ಗು ಜೊತೆಯಾದರೆ ಮೊದಲನೆಯದು ಏರುತ್ತದೆ. ‘ನಿ ಹಾಓ’ದಲ್ಲಿ ಆಗುವುದು ಅದೇ.

ಬಳಿಕ ಜೋಡಿಗಳು. ಊರಿನ ಹೆಸರುಗಳು ಸುಲಭ: ಬೀಜಿಂಗ್ ತಗ್ಗು-ಸಮ, ನಾನ್‌ಜಿಂಗ್ ಏರು-ಸಮ, ವುಹಾನ್ ತಗ್ಗು-ಬೀಳು, ಕುನ್‌ಮಿಂಗ್ ಸಮ-ಏರು, ಶಾಂಘೈ ಬೀಳು-ತಗ್ಗು.

ಇವು ಹಿಡಿತಕ್ಕೆ ಬಂದ ಮೇಲೆ ಪ್ರಶ್ನೆಗಳಿಗೆ ಹೋಗಿ. ಕೊರಿಯನ್ನರು ಪ್ರಶ್ನೆಯ ತುದಿಯನ್ನು ಮೇಲೆತ್ತುತ್ತಾರೆ; ಆಗ ‘ಮಾಯ್’ ಬೀಳುವ ಬದಲು ಏರಿ, ‘ಮಾರು’ ಎಂಬುದು ‘ಹೂತುಹಾಕು’ ಎಂದು ಕೇಳಿಸೀತು. ಪ್ರಶ್ನೆಯಲ್ಲೂ ಕೊನೆಯ ಪದವನ್ನು ಬೀಳಲು ಬಿಡಿ; ಬೇಕಿದ್ದರೆ ಇಡೀ ವಾಕ್ಯವನ್ನೇ ತುಸು ಮೇಲಿನಿಂದ ಶುರುಮಾಡಿಸಿ.